ಕಾಕ್‌ಪಿಟ್ ಕೈತಪ್ಪಿದ ಮೇಲೆ: ನಿವೃತ್ತ ಹಾರಾಟ ಬೋಧಕರಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕಿ: ಇಂದಿನ ಅತಿಥಿ ವಾಯುಪಡೆಯ ನಿವೃತ್ತ ವಿಂಗ್ ಕಮಾಂಡರ್. ತಾಂಬರಂನ ಬೋಧಕರ ಶಾಲೆಯಲ್ಲಿ ತರಬೇತಿ ಪಡೆದು, ದುಂಡಿಗಲ್‌ನಲ್ಲಿಯೂ ಬೀದರ್‌ನಲ್ಲಿಯೂ ಕೆಡೆಟ್‌ಗಳಿಗೆ ಹಾರಲು ಕಲಿಸಿದವರು. ಹಾರಾಟ ತರಬೇತಿಯ ನಡುವೆ ಸಸ್ಪೆಂಡ್ ಆದವರು, ಅಂದರೆ ಹಾರಾಟದಿಂದ ತೆಗೆದುಹಾಕಲ್ಪಟ್ಟವರು, ಮತ್ತು ಅವರ ಮನೆಯವರು ಪ್ರಶ್ನೆ ಕೇಳಬಹುದು. ಹೆಸರು, ಸರ್ವಿಸ್ ಸಂಖ್ಯೆ ಬರೆಯಬೇಡಿ.

ಬೋಧಕರು: ಎಲ್ಲರಿಗೂ ನಮಸ್ಕಾರ. ನಾನು ವೈದ್ಯನಲ್ಲ, ನೇಮಕಾತಿ ಅಧಿಕಾರಿಯೂ ಅಲ್ಲ. ಹಿಂದಿನ ಸೀಟಿನಲ್ಲಿ ಕುಳಿತು ಮುಂದಿನ ಕೆಡೆಟ್‌ನ ಹೆಲ್ಮೆಟ್ ನೋಡುತ್ತ ವರ್ಷಗಳನ್ನು ಕಳೆದವನು. ಗೊತ್ತಿದ್ದಷ್ಟು ಹೇಳುತ್ತೇನೆ.

ನೀಲಿಗರಿ: ಸರ್, ಪಿಲಾಟಸ್ ತರಬೇತಿ ವಿಮಾನದಲ್ಲಿ ಸೋಲೊಗೆ, ಅಂದರೆ ಒಬ್ಬನೇ ಹಾರುವುದಕ್ಕೆ, ಮುಂಚೆಯೇ ನನ್ನನ್ನು ಸಸ್ಪೆಂಡ್ ಮಾಡಿದರು. ವಯಸ್ಸು 22. ಮತ್ತೆ ವಾಯುಪಡೆ ಅಧಿಕಾರಿಗಳ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಬರೆದು, ಮೈಸೂರಿನ ಆಯ್ಕೆ ಮಂಡಳಿಯಲ್ಲಿ ಪೈಲಟ್ ಆಗುವ ಸಾಮರ್ಥ್ಯ ಅಳೆಯುವ ಸಿಪಿಎಸ್‌ಎಸ್ ಪರೀಕ್ಷೆಗೆ ಇನ್ನೊಮ್ಮೆ ಕೂರಬಹುದೆ?

ಬೋಧಕರು: ಕೂರುವಂತಿಲ್ಲ. ಪೈಲಟ್ ಆಪ್ಟಿಟ್ಯೂಡ್ ಪರೀಕ್ಷೆ, ಹಳೆಯ ಪಿಎಬಿಟಿ ಇರಲಿ ಈಗಿನ ಸಿಪಿಎಸ್‌ಎಸ್ ಇರಲಿ, ಜನ್ಮಕ್ಕೆ ಒಂದೇ ಸಲ. ಅದರಲ್ಲಿ ಫೇಲಾದವರಿಗೂ ಅಕಾಡೆಮಿಯಲ್ಲಿ ಹಾರಾಟದಿಂದ ಸಸ್ಪೆಂಡ್ ಆದವರಿಗೂ ಆ ಬಾಗಿಲು ಮುಚ್ಚಿದೆ. ನೇಮಕಾತಿ ಪ್ರಕಟಣೆಯಲ್ಲೇ ಅಚ್ಚಾಗಿದೆ. ಹಾರಲೇಬೇಕೆಂದರೆ ನಾಗರಿಕ ದಾರಿ ಇದೆ: ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ, ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ, ಜೊತೆಗೆ ಅಪ್ಪನ ಜೇಬು. ಸಮವಸ್ತ್ರವೇ ಬೇಕೆಂದರೆ 22 ತಡವಾದ ವಯಸ್ಸಲ್ಲ. ಎಎಫ್‌ಕ್ಯಾಟ್‌ನಲ್ಲಿ ಗ್ರೌಂಡ್ ಡ್ಯೂಟಿಗೆ, ಅಂದರೆ ಹಾರಾಟವಿಲ್ಲದ ಶಾಖೆಗಳಿಗೆ, 26ರವರೆಗೆ ಅವಕಾಶವಿದೆ.

ಹುಬ್ಬಳ್ಳಿಯ ಸೋದರಮಾವ: ನನ್ನ ಸೋದರಳಿಯನಿಗೆ ಹಾರಾಟ ನಿಲ್ಲಿಸಿ ಗ್ರೌಂಡ್ ಡ್ಯೂಟಿ ಕೊಡುವ ಮಾತಾಡುತ್ತಿದ್ದಾರೆ. ಒಪ್ಪಿಕೊಳ್ಳಬೇಕೋ ಬಿಡಬೇಕೋ? ಊರಿನಲ್ಲಿ ಪೈಲಟ್ ಎಂದು ಫ್ಲೆಕ್ಸ್ ಹಾಕಿಸಿಬಿಟ್ಟಿದ್ದೇವೆ.

ಬೋಧಕರು: ಮೊದಲು ಫ್ಲೆಕ್ಸ್ ಇಳಿಸಿ. ಶಾಖೆ ಬದಲಾವಣೆ ಹಕ್ಕಲ್ಲ. ಜಾಗ ಖಾಲಿ ಇರಬೇಕು, ಓದಿದ ಪದವಿ ಆ ಶಾಖೆಗೆ ಹೊಂದಬೇಕು, ಮಂಡಳಿ ಒಪ್ಪಬೇಕು. ಸಿಕ್ಕಿದರೆ ಬಿಡುವುದು ದಡ್ಡತನ. ಇಂಜಿನಿಯರಿಂಗ್ ಓದಿದ್ದರೆ ಟೆಕ್ನಿಕಲ್ ಶಾಖೆಯನ್ನು ಕೇಳಲಿ. ಜಾಲಹಳ್ಳಿಯ ತಾಂತ್ರಿಕ ಕಾಲೇಜಿನಲ್ಲಿ ಕಲಿಯುತ್ತಾನೆ. ಮುಂದೆ ಹಟವಿದ್ದರೆ ಬೆಂಗಳೂರಿನಲ್ಲಿ ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆ ಎಎಸ್‌ಟಿಇಯ ಟೆಸ್ಟ್ ಪೈಲಟ್ ಶಾಲೆಯಲ್ಲಿ ಫ್ಲೈಟ್ ಟೆಸ್ಟ್ ಇಂಜಿನಿಯರ್ ಕೋರ್ಸ್ ಇದೆ. ಹೊಸ ವಿಮಾನದ ಬಗ್ಗೆ ಟೆಸ್ಟ್ ಪೈಲಟ್‌ನ ಜೊತೆ ಮೇಜು ಕುಟ್ಟಿ ವಾದ ಮಾಡುವ ಕೆಲಸ ಅದು. ಕೆಡೆಟ್ ಆಗಿದ್ದಾಗ ಕೈಯಲ್ಲಿ ಸ್ಟಿಕ್ ಹಿಡಿದು ಒದ್ದಾಡಿದವನಿಗೆ ಅಲ್ಲಿ ಆ ಒದ್ದಾಟವೇ ಬಂಡವಾಳ.

ಇನ್ನೊಂದು ವೆಪನ್ ಸಿಸ್ಟಮ್ಸ್ ಶಾಖೆ. 2022ರ ಅಕ್ಟೋಬರ್ 8ರಂದು ಚಂಡೀಗಢದಲ್ಲಿ ವಾಯುಪಡೆಯ ಆಗಿನ ಮುಖ್ಯಸ್ಥರು ಘೋಷಿಸಿದ್ದು. ನೆಲದಿಂದ ನೆಲಕ್ಕೆ ಹಾರುವ ಕ್ಷಿಪಣಿ, ನೆಲದಿಂದ ಆಕಾಶಕ್ಕೆ ಹಾರುವ ಕ್ಷಿಪಣಿ, ದೂರನಿಯಂತ್ರಿತ ವಿಮಾನ, ಎರಡು ಅಥವಾ ಹೆಚ್ಚು ಸಿಬ್ಬಂದಿಯ ವಿಮಾನದಲ್ಲಿ ಶಸ್ತ್ರಾಸ್ತ್ರ ನಿರ್ವಹಣೆ ಎಂದು ನಾಲ್ಕು ವಿಭಾಗ. ಸುಖೋಯ್-30ರ ಹಿಂದಿನ ಸೀಟು ಈ ನಾಲ್ಕನೆಯದರಲ್ಲಿ ಬರುತ್ತದೆ.

ಕೋಟೆ ಬುರುಜು: ಬೀದರ್‌ನಲ್ಲಿ ಹುಟ್ಟಿ ಬೆಳೆದವನು ನಾನು. ತಲೆಯ ಮೇಲೆ ದಿನವೂ ಹಾಕ್ ತರಬೇತಿ ವಿಮಾನ ಹಾರುವುದನ್ನು ನೋಡಿದ್ದೇನೆ. ನೇರವಾಗಿ ಹೇಳುತ್ತೇನೆ, ಹಾರದಿದ್ದವನು ಏರ್‌ಫೋರ್ಸ್‌ನಲ್ಲಿದ್ದರೂ ಗುಮಾಸ್ತನೇ.

ಟವರ್ ಮನೆಯಾಕೆ: ನನ್ನ ಯಜಮಾನರು ಏರ್ ಟ್ರಾಫಿಕ್ ಕಂಟ್ರೋಲ್‌ನಲ್ಲಿದ್ದಾರೆ. ಮಂಜು ಕವಿದ ಬೆಳಗಿನಲ್ಲಿ ಇಂಧನ ಮುಗಿಯುತ್ತ ಬಂದ ವಿಮಾನವನ್ನು ಇಳಿಸಿ ಬಂದ ದಿನ ಮನೆಯಲ್ಲಿ ತಟ್ಟೆಯ ಮುಂದೆ ಕುಳಿತು ಅವರು ಊಟ ಮಾಡಿರಲಿಲ್ಲ. ಗುಮಾಸ್ತರಿಗೆ ಹಾಗಾಗುತ್ತದೆಯೇ?

ಕೋಟೆ ಬುರುಜು: ಅಕ್ಕಾ, ವೈಯಕ್ತಿಕವಾಗಿ ತೆಗೆದುಕೊಳ್ಳಬೇಡಿ.

ಟವರ್ ಮನೆಯಾಕೆ: ನೀವು ಹೇಳಿದ್ದೇ ಮನುಷ್ಯರ ಬಗ್ಗೆ. ಇನ್ನು ಹೇಗೆ ತೆಗೆದುಕೊಳ್ಳಲಿ?

ಬೋಧಕರು: 2019ರ ಫೆಬ್ರವರಿ 27ರಂದು ಪಾಕಿಸ್ತಾನದ ವಿಮಾನಗಳು ಬಂದಾಗ ರೇಡಾರ್ ಮುಂದೆ ಕುಳಿತು ನಮ್ಮ ಯುದ್ಧವಿಮಾನಗಳಿಗೆ ದಿಕ್ಕು ಹೇಳಿದ ಫೈಟರ್ ಕಂಟ್ರೋಲರ್ ಮಿಂಟಿ ಅಗರ್ವಾಲ್ ಅವರಿಗೆ ಯುದ್ಧ ಸೇವಾ ಪದಕ ಬಂತು. ಆ ಪದಕ ಪಡೆದ ಮೊದಲ ಮಹಿಳೆ. ಬುರುಜಿನ ಮೇಲಿಂದ ಅದು ಕಾಣಿಸಿರಲಿಕ್ಕಿಲ್ಲ.

ಮಲೆನಾಡಿನ ತಾಯಿ: ಸರ್, ಎಲ್ಲರ ಮುಂದೆ ಕೇಳಲು ಸಂಕೋಚ. ಮಗನಿಗೆ 23. ಪ್ರಗತಿ ನಿಧಾನ ಎಂದು ಹಾರಾಟದಿಂದ ತೆಗೆದರು. ಬೇರೆ ಶಾಖೆಯ ತೀರ್ಮಾನ ಬರುವವರೆಗೆ ರಜೆಯಲ್ಲಿ ಮನೆಯಲ್ಲಿದ್ದಾನೆ. ಮೊದಮೊದಲು ವಿಮಾನದಲ್ಲಿ ವಾಂತಿ ಎನ್ನುತ್ತಿದ್ದ, ಆಮೇಲೆ ಸರಿಹೋಯಿತು ಎಂದ. ಈಗ ಸುಖೋಯ್‌ನ ಹಿಂದಿನ ಸೀಟು, ಇಲ್ಲವಾದರೆ ನೌಕಾಪಡೆಯ ವಿಮಾನದಲ್ಲಿ ಪರದೆ, ಉಪಕರಣ ನೋಡಿಕೊಳ್ಳುವ ಏರ್ ಆಪರೇಷನ್ಸ್ ಆಫೀಸರ್, ಇವೆರಡೇ ಎಂದು ಹಟ. ಹನ್ನೊಂದಕ್ಕೆ ಏಳುತ್ತಾನೆ, ಗೆಳೆಯರ ಫೋನ್ ತೆಗೆಯುವುದಿಲ್ಲ. ಮೊನ್ನೆ ಒಗೆಯಲು ಹಾಕುವಾಗ ಹಾರಾಟದ ಮೇಲಂಗಿಯ ತೋಳಿನಲ್ಲಿ ಪೆನ್ನು ಸಿಕ್ಕಿಸುವ ಜೇಬಿನೊಳಗೆ ಎರಡು ಖಾಲಿ ಮಾತ್ರೆ ಸ್ಟ್ರಿಪ್ ಸಿಕ್ಕಿತು. ಬಸ್ಸಿನಲ್ಲಿ ವಾಂತಿಯಾಗದಂತೆ ನುಂಗುವ ಮಾತ್ರೆಯಂತೆ. ಇದರಿಂದ ತೊಂದರೆ ಇದೆಯೇ?

ಬೋಧಕರು: ಅಮ್ಮ, ಇದೊಂದಕ್ಕೆ ಉದ್ದವಾಗಿ ಬರೆಯುತ್ತೇನೆ. ಉಳಿದವರು ಕಾಯಿರಿ.

ಆ ಮಾತ್ರೆಗಳಲ್ಲಿ ಹೆಚ್ಚಿನವು ಮಂಪರು ತರುತ್ತವೆ. ಬಸ್ಸಿನಲ್ಲಿ ಕುಳಿತವನಿಗೆ ಮಂಪರಿನಿಂದ ನಷ್ಟವಿಲ್ಲ. ಲ್ಯಾಂಡಿಂಗ್‌ಗೆ ಇಳಿಯುತ್ತಿರುವ ಕೆಡೆಟ್‌ಗೆ ಅದೇ ನಷ್ಟ. ವೇಗ ಬೀಳುತ್ತಿರುತ್ತದೆ. ವೇಗಮಾಪಕದ ಮುಳ್ಳು ಕಾಣುತ್ತದೆ. ಕಂಡದ್ದು ಕೈಗೆ ಇಳಿಯುವಷ್ಟರಲ್ಲಿ ಹಿಂದಿನಿಂದ ನಾನು ಥ್ರಾಟಲ್ ತಳ್ಳಿರುತ್ತೇನೆ. ರೇಡಿಯೋದಲ್ಲಿ ಟವರ್ ಹೇಳಿದ್ದಕ್ಕೆ ಅವನ ಉತ್ತರ ಒಂದು ಉಸಿರು ತಡ. ಹೆಲ್ಮೆಟ್ ಅಲುಗಾಡುವುದೇ ಕಡಿಮೆ, ಎಡ ಬಲ ನೋಡುವುದೇ ಇಲ್ಲ. ಇಂಥವನ ಬಗ್ಗೆ ನಾವು ಕಡತದಲ್ಲಿ ಬರೆಯುವುದು ಎರಡೇ ಪದ: ಪ್ರಗತಿ ನಿಧಾನ. ನಿಮ್ಮ ಮಗನ ವಿಷಯದಲ್ಲಿ ಹೀಗೇ ಆಯಿತು ಎನ್ನುತ್ತಿಲ್ಲ. ಆದರೆ ಮೇಲಂಗಿಯ ಜೇಬಿನಲ್ಲಿ ಸ್ಟ್ರಿಪ್ ಇತ್ತು ಎಂದರೆ ನಾನು ಕೇಳುವ ಮೊದಲ ಪ್ರಶ್ನೆ ಅದೇ.

ಎರಡನೆಯದು ಇನ್ನೂ ಮುಖ್ಯ. ಹಿಂದಿನ ಸೀಟು ಸುಲಭ ಎಂದು ಅವನು ಅಂದುಕೊಂಡಿದ್ದರೆ ಲೆಕ್ಕ ತಲೆಕೆಳಗು. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಡ್ರೈವರ್ ವಾಂತಿ ಮಾಡಿದ್ದನ್ನು ನೀವು ನೋಡಿದ್ದೀರಾ? ತಿರುವು ಬರುವ ಮೊದಲೇ ಅವನ ಮೈಗೆ ಗೊತ್ತಿರುತ್ತದೆ. ತಲೆ ತಗ್ಗಿಸಿ ಮೊಬೈಲ್ ನೋಡುವವನಿಗೇ ಮೊದಲು ಹೊಟ್ಟೆ ತೊಳಸುವುದು. ಶಸ್ತ್ರಾಸ್ತ್ರ ನಿರ್ವಹಿಸುವವನು ತಲೆ ತಗ್ಗಿಸಿ ಪರದೆ ನೋಡುತ್ತಾನೆ, ವಿಮಾನ ತಿರುಗಿಸುವವನು ಬೇರೆಯವನು. ಅರಕ್ಕೋಣಂನ ನೌಕಾ ನೆಲೆ ಐಎನ್‌ಎಸ್ ರಾಜಾಳಿಯಿಂದ ಹೋಗುವ ಕಡಲ ಕಾವಲಿನ ಪಿ-8ಐ ವಿಮಾನದಲ್ಲಿ ಪರದೆಯ ಮುಂದೆ ಗಂಟೆಗಟ್ಟಲೆ ಕುಳಿತು ಸಮುದ್ರ ಹುಡುಕುವವನ ಪಾಡೂ ಅದೇ. ವಾಂತಿಯನ್ನು ಬಚ್ಚಿಟ್ಟುಕೊಂಡು ಅಲ್ಲಿಗೆ ಹೋದರೆ ಮತ್ತೆ ಸ್ಟ್ರಿಪ್ ಹಿಡಿಯುತ್ತಾನೆ. ಆಗ ಅವನ ಹಿಂದೆ ಥ್ರಾಟಲ್ ತಳ್ಳುವ ಬೋಧಕ ಇರುವುದಿಲ್ಲ.

ಇದಕ್ಕೆ ದಾರಿ ಇದೆ, ಗುಟ್ಟಿನದಲ್ಲ. ಹೊಸ ಕೆಡೆಟ್‌ಗಳಲ್ಲಿ ವಾಂತಿ ಸಾಮಾನ್ಯ, ಹಾರುತ್ತ ಹಾರುತ್ತ ಬಹುತೇಕರಿಗೆ ಹೋಗುತ್ತದೆ. ಹೋಗದವರಿಗೆ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ತಿರುಗುವ ಕುರ್ಚಿಯಲ್ಲಿ ಕೂರಿಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಮೈಯನ್ನು ಒಗ್ಗಿಸುತ್ತಾರೆ. ಅಲ್ಲಿಗೆ ಕಳುಹಿಸುವುದು ಅಕಾಡೆಮಿಯ ಮೆಡಿಕಲ್ ಆಫೀಸರ್. ಅವರಿಗೆ ಹೇಳದೆ ನುಂಗಿದ್ದೇ ತಪ್ಪಾದದ್ದು, ವಾಂತಿಯಲ್ಲ. ಈಗ ಹೇಳಿದರೆ ಹಾರಾಟ ಮರಳುತ್ತದೆ ಎಂದು ಆಸೆ ಹುಟ್ಟಿಸುವುದಿಲ್ಲ. ಬೇರೆ ಶಾಖೆಯ ತೀರ್ಮಾನಕ್ಕೆ ಮುಂಚೆ ಅವನ ಬಾಯಿಂದಲೇ ಬರಲಿ, ಅಷ್ಟೇ.

ಹನ್ನೊಂದಕ್ಕೆ ಏಳುವುದು, ಗೆಳೆಯರಿಂದ ಮುಖ ತಪ್ಪಿಸುವುದು ನನಗೆ ಹಿಡಿಸಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ನೀವೇ ಮೊದಲು ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ. ಊಟ ನಿದ್ದೆ ಹೇಗಿದೆ? ಮಾತ್ರೆ ಈಗಲೂ ನುಂಗುತ್ತಿದ್ದಾನೆಯೇ? ಉತ್ತರ ಬರೆಯಿರಿ.

ಅನುಭವಾಮೃತ: ಫಾರ್ವರ್ಡ್ ಬಂದದ್ದು, ತಾಯಂದಿರಿಗೆ ಉಪಯೋಗವಾಗುತ್ತದೆ. ವಿಮಾನ ಹತ್ತುವ ಹಿಂದಿನ ರಾತ್ರಿ ಹೊಕ್ಕುಳಿಗೆ ಹರಳೆಣ್ಣೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಶುಂಠಿ ರಸ, ಮೇಲೆ ಅರ್ಧ ವಾಂತಿ ಮಾತ್ರೆ. ಪೈಲಟ್‌ಗಳ ರಹಸ್ಯ ಇದೇ. ಹತ್ತು ಜನರಿಗೆ ಕಳುಹಿಸಿ.

ಬೋಧಕರು: ಕಳುಹಿಸಬೇಡಿ. ಹರಳೆಣ್ಣೆ ಹೊಕ್ಕುಳಿನಲ್ಲೇ ಇರುತ್ತದೆ, ಬನಿಯನ್ ಹಾಳಾಗುತ್ತದೆ, ಅಷ್ಟೇ. ಖಾಲಿ ಹೊಟ್ಟೆಯಲ್ಲಿ ಹಾರಬೇಡ ಎಂದು ನಾವು ಮೊದಲ ದಿನವೇ ಹೇಳುತ್ತೇವೆ. ಕೊನೆಯ ಅರ್ಧ ಮಾತ್ರೆಯ ಬಗ್ಗೆ ಈಗಷ್ಟೇ ಪುಟಗಟ್ಟಲೆ ಬರೆದೆ. ಓದದೆ ಅಂಟಿಸುತ್ತೀರಾ?

ಅನುಭವಾಮೃತ: ಒಳ್ಳೆಯದಕ್ಕೇ ಹಾಕಿದ್ದು. ನಮ್ಮ ಹಿರಿಯರ ಜ್ಞಾನಕ್ಕೆ ಬೆಲೆಯೇ ಇಲ್ಲ.

ಬೋಧಕರು: ನಿಮ್ಮ ಹಿರಿಯರು ವಿಮಾನದಲ್ಲಿ ಲೂಪ್ ಹೊಡೆದಿದ್ದರೆ ಹೇಳಿ, ಬೆಲೆ ಕೊಡುತ್ತೇನೆ.

ತುಂಗಾತೀರ: ಸಿಪಿಎಸ್‌ಎಸ್‌ನಲ್ಲಿ ಫೇಲಾದೆ. ಮುಂದಿನ ವರ್ಷ ಮತ್ತೆ ಕೊಡಬಹುದೆ?

ಬೋಧಕರು: ಇಲ್ಲ. ಮೇಲೆ ಓದಿ.

ಗಡಿನಾಡ ಹುಡುಗ: ತಮ್ಮನಿಗೆ ಕನ್ನಡಕ ಇದೆ. ಲೇಸರ್ ಚಿಕಿತ್ಸೆ ಮಾಡಿಸಿದರೆ ನಡೆಯುತ್ತದೆಯೇ? ಬಣ್ಣಗುರುಡಿಗೆ ತ್ರಾಟಕ, ಅಂದರೆ ದೀಪ ದಿಟ್ಟಿಸುವುದು, ಮಾಡಿದರೆ ಗುಣವೆಂದು ಒಂದು ವಿಡಿಯೋ ಇದೆ. ಬಣ್ಣಗುರುಡು ಪರೀಕ್ಷಿಸುವ ಚುಕ್ಕೆಗಳ ಪುಸ್ತಕದ ಅಂಕಿಗಳನ್ನೂ ಬಾಯಿಪಾಠಕ್ಕೆ ಕಳುಹಿಸಿದ್ದಾರೆ.

ಬೋಧಕರು: ಲೇಸರ್: 20 ತುಂಬಿದ ಮೇಲೆ ಮಾಡಿಸಿರಬೇಕು, ಆಮೇಲೆ 12 ತಿಂಗಳು ಕಳೆದಿರಬೇಕು, ಕಾರ್ನಿಯಾ 450 ಮೈಕ್ರಾನ್‌ಗಿಂತ ತೆಳುವಾಗಿರಬಾರದು. ಇನ್ನೂ ಷರತ್ತುಗಳಿವೆ, ಪ್ರಕಟಣೆ ನೋಡಿ. ಹುಟ್ಟಿನಿಂದ ಬಂದ ಬಣ್ಣಗುರುಡು ದೀಪ ನೋಡಿದರೆ ಹೋಗುವುದಿಲ್ಲ. ಅಂಕಿ ಬಾಯಿಪಾಠ ಮಾಡಿ ಒಳಗೆ ನುಸುಳಿದವನು ರಾತ್ರಿ ರನ್‌ವೇಯ ಕೆಂಪು ಬಿಳಿ ದೀಪ ನೋಡಿ ತಾನು ಎತ್ತರವೋ ತಗ್ಗೋ ಎಂದು ತಿಳಿಯಬೇಕು. ಅದಕ್ಕೆ ಯಾವ ಪುಸ್ತಕ ಕಳುಹಿಸುತ್ತಾರೆ ಕೇಳಿ.

ಕಲಬುರಗಿ ಬಿಸಿಲು: ನಿಜವಾದ ವಿಷಯ ಯಾರೂ ಎತ್ತುತ್ತಿಲ್ಲ. ಕನ್ನಡ ಮಾಧ್ಯಮದ ಮಕ್ಕಳು ಹೊರಬೀಳುವುದು ಇಂಗ್ಲಿಷ್ ರೇಡಿಯೋ ಮಾತಿನಿಂದ. ಕೈಯಲ್ಲಿ ದೋಷವಿಲ್ಲ.

ಕೋಟೆ ಬುರುಜು: ಎಲ್ಲದಕ್ಕೂ ಭಾಷೆ ತರಬೇಡಿ. ನಾನೂ ಕನ್ನಡ ಮಾಧ್ಯಮ.

ಕಲಬುರಗಿ ಬಿಸಿಲು: ನೀವು ಹಾರಿದ್ದೀರಾ?

ಕೋಟೆ ಬುರುಜು: ನೀವು?

ಟವರ್ ಮನೆಯಾಕೆ: ಇಬ್ಬರೂ ಗುಮಾಸ್ತರು ಎಂದಾಯಿತು.

ಬೋಧಕರು: ರೇಡಿಯೋ ಮಾತು ಕೆಲವೇ ನಿಗದಿತ ವಾಕ್ಯಗಳು, ಕಲಿಯಬಹುದು. ಆದರೆ ತಲೆಯಲ್ಲಿ ಅನುವಾದ ಮಾಡುತ್ತ ಕೂತರೆ ಕೈ ನಿಲ್ಲುತ್ತದೆ, ಅದನ್ನೂ ಕಂಡಿದ್ದೇನೆ. ಕಲಬುರಗಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಜಗಳದಲ್ಲಿ ಅದೂ ಇಲ್ಲ.

ಅರಸೀಕೆರೆ ಜಂಕ್ಷನ್: ಅಗ್ನಿವೀರ್ ವಾಯು ಆಗಿ ಸೇರಿ ಆಮೇಲೆ ಅಧಿಕಾರಿ ಆಗಬಹುದೆ ಸರ್?

ಬೆಳ್ಳಿಮೋಡ: ತರಬೇತಿ ಬಿಟ್ಟು ಬಂದರೆ ಖರ್ಚು ವಸೂಲಿ ಮಾಡುತ್ತಾರೆಯೇ? ಬಾಂಡ್‌ಗೆ ಅಪ್ಪ ಸಹಿ ಹಾಕಿದ್ದಾರೆ.

ಬೋಧಕರು: ಬೆಳ್ಳಿಮೋಡ, ತಾನಾಗಿ ಬಿಟ್ಟು ಬರುವುದು ಬೇರೆ, ಸಸ್ಪೆಂಡ್ ಆಗುವುದು ಬೇರೆ. ಅಪ್ಪ ಸಹಿ ಹಾಕಿದ ಕಾಗದ ಓದದೆ ರಾಜೀನಾಮೆ ಬರೆಯಬೇಡಿ.

ದೇವನಹಳ್ಳಿ ದ್ರಾಕ್ಷಿ: ಸಿಪಿಎಸ್‌ಎಸ್ ಎರಡನೆಯ ಸಲ ಆಧಾರ್ ಬದಲಿಸಿ ಕೊಡಬಹುದು ಎಂದು ಒಬ್ಬರು ಹೇಳಿದರು.

ಬೋಧಕರು: ಆ ಒಬ್ಬರು ಜೈಲಿಗೂ ಜೊತೆಗೆ ಬರುತ್ತಾರೆಯೇ ಕೇಳಿಕೊಳ್ಳಿ.

ಅರಸೀಕೆರೆ ಜಂಕ್ಷನ್: ಸರ್, ನನ್ನ ಪ್ರಶ್ನೆ ಉಳಿಯಿತು.

ನಿರ್ವಾಹಕಿ: ವೈಯಕ್ತಿಕ ಟೀಕೆಯ ಏಳು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಆಧಾರ್ ಸಲಹೆ ಕೊಟ್ಟ ಸದಸ್ಯರನ್ನು ಹೊರಹಾಕಿದೆ.

ಮಲೆನಾಡಿನ ತಾಯಿ: ಸರ್, ನೀವು ಬರೆದದ್ದನ್ನು ಅವನಿಗೇ ಓದಲು ಕೊಟ್ಟೆ. ಇನ್ನು ಮುಂದಿನದು ಅವನೇ ಟೈಪ್ ಮಾಡುತ್ತಿದ್ದಾನೆ.

ಸರ್, ಹೆಲ್ಮೆಟ್ ಅಲುಗಾಡದ್ದು ನಿಜ. ಆರನೆಯ ಸಾರ್ಟಿಯಿಂದ, ಅಂದರೆ ಹಾರಾಟದಿಂದ, ಪ್ರತಿ ಸಲವೂ ನುಂಗಿದ್ದೆ. ನನ್ನ ಬೋಧಕರು ಎರಡು ಸಲ ನಿದ್ದೆ ಆಯಿತೇ ಎಂದು ಕೇಳಿದರು, ಆಯಿತು ಎಂದೆ. ಮನೆಗೆ ಬಂದ ಮೇಲೆ ನುಂಗಿಲ್ಲ. ಸೋಮವಾರ ರಜೆ ಮುಗಿಯುತ್ತದೆ. ಮೆಡಿಕಲ್ ಆಫೀಸರ್‌ಗೆ ಬರೆದು ಕೊಡಬೇಕೋ, ಬಾಯಲ್ಲಿ ಹೇಳಿದರೆ ಸಾಕೋ?

ಬೋಧಕರು: ಮೊದಲು ಬಾಯಲ್ಲಿ, ಬೇರೆ ಯಾರೂ ಇಲ್ಲದಾಗ. ಆಮೇಲೆ ಅವರು ಕೇಳಿದರೆ ಬರೆದುಕೊಡಿ, ಯಾವ ದಿನದಿಂದ, ಎಷ್ಟು ಎಂದು. ಅಮ್ಮ, ಆ ಸ್ಟ್ರಿಪ್ ಎಸೆದಿಲ್ಲ ತಾನೆ? ಮಾತ್ರೆಯ ಹೆಸರು ಅವರಿಗೆ ಬೇಕಾಗುತ್ತದೆ. ಅವನ ಚೀಲದಲ್ಲಿ ಹಾಕಿ ಕಳುಹಿಸಿ.

ಮಲೆನಾಡಿನ ತಾಯಿ: ಕಸದ ಬುಟ್ಟಿಯಿಂದ ತೆಗೆದಿಟ್ಟೆ ಸರ್.