ವೆಲ್ಷ್ ಕಥೆಯನ್ನು ಒಪೆರಾ ಸಿನಿಮಾ ಮಾಡುತ್ತಿದ್ದೇವೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ವೇಲ್ಸ್‌ನ ಬ್ಯಾಂಗರ್‌ನಲ್ಲಿ ಓದುತ್ತಿದ್ದೇನೆ, ವೆಲ್ಷ್ ಕಲಿಯಲು ಶುರುಮಾಡಿ ಎರಡು ವರ್ಷ ಆಯಿತು. ನಮ್ಮ ಗೆಳೆಯರ ತಂಡ ವೆಲ್ಷ್ ಲೇಖಕಿ ಕೇಟ್ ರಾಬರ್ಟ್ಸ್ ಅವರ ಒಂದು ಸಣ್ಣಕಥೆಯನ್ನು 20 ನಿಮಿಷದ ಒಪೆರಾ ಸಿನಿಮಾ (ಮಾತನ್ನು ಹಾಡಿನಲ್ಲೇ ಹೇಳುವ ಸಿನಿಮಾ) ಮಾಡಲು ಹೊರಟಿದೆ. ಹಾಡಿಗೆ ಮಾತು ಹೊಂದಿಸುವುದು, ಇಂಗ್ಲಿಷ್ ಸಬ್‌ಟೈಟಲ್ ಎರಡೂ ನನ್ನ ತಲೆಗೆ ಬಂದಿವೆ. ಸಂಭಾಷಣೆಯೆಲ್ಲ ಆಡುಭಾಷೆಯಲ್ಲಿದೆ. ಪುಸ್ತಕದ ವೆಲ್ಷ್‌ಗೆ ತಿರುಗಿಸಬೇಕಾ?

ವೇಲ್ಸ್‌ನ ಉತ್ತರ ಭಾಗದ ಕಾಯರ್ (ಗುಂಪಾಗಿ ಹಾಡುವ ತಂಡ) ಒಂದರಲ್ಲಿ ಹಾಡುವವರು:
ದಯವಿಟ್ಟು ಬೇಡ. ಕರಾಡೊಗ್ ಪ್ರಿಚರ್ಡ್ ಅವರ 1961ರ ಕಾದಂಬರಿ 'ಈನ್ ನೋಸ್ ಓಲಾ ಲೆಯಾಡ್' ನೋಡಿ. ಒಂದು ಬೆಳದಿಂಗಳ ರಾತ್ರಿ ಅಂತ ಅರ್ಥ. ಪೂರ್ತಿ ಬೆಥೆಸ್ಡಾ ಅನ್ನುವ ಸ್ಲೇಟ್ ಗಣಿ ಊರಿನ ಮಾತು. ಎಂಡಾವ್ ಎಮ್ಲಿನ್ 1991ರಲ್ಲಿ ಸಿನಿಮಾ ಮಾಡಿದರು. ಆಮೇಲೆ ಸಂಗೀತಗಾರ ಗ್ಯಾರೆತ್ ಗ್ಲಿನ್ ಆ ಕಾದಂಬರಿಯನ್ನೇ ಒಪೆರಾ ಮಾಡಿದರು, ಅದೂ ತೆರೆಗೆ ಬಂತು. ಹೆಸರಲ್ಲೇ ಪಾಠ ಇದೆ. ಪುಸ್ತಕದ ವೆಲ್ಷ್ ಆದರೆ 'ಓಲೈ' ಆಗಬೇಕು, ಆ ಕಡೆಯವರ ಬಾಯಲ್ಲಿ 'ಓಲಾ'. ಕೊನೆಯ 'ಆ' ಬಾಯಿ ಅಗಲ ಮಾಡಿ ಸುಲಭವಾಗಿ ಹಾಡಬಹುದು, ಅಲ್ವಾ? ಅದನ್ನು ತಿದ್ದಿದರೆ, 'ಹೋಗ್ತೀನಿ ಕಣೋ' ಅನ್ನುವ ಹುಡುಗನ ಬಾಯಲ್ಲಿ 'ಹೋಗುತ್ತೇನೆ' ಹಾಡಿಸಿದ ಹಾಗೆ.

ಇನ್ನೊಂದು. ವೆಲ್ಷ್‌ನಲ್ಲಿ ಸಾಮಾನ್ಯವಾಗಿ ಕೊನೆಯಿಂದ ಎರಡನೇ ಅಕ್ಷರಕ್ಕೆ ಒತ್ತು. ಭಾಷೆ ಗೊತ್ತಿಲ್ಲದ ಸಂಗೀತಗಾರರೊಬ್ಬರು ನಮಗೆ 'ಕಾರ್ಯಡ್' (ಪ್ರೀತಿ) ಪದದ ಕೊನೆಯ ಅಕ್ಷರಕ್ಕೆ ಎತ್ತರದ ಸ್ವರ ಕೊಟ್ಟು ನಾಲ್ಕು ತಾಳ ಎಳೆಸಿದ್ದರು. ಪಕ್ಕದಲ್ಲಿ ಹಾಡುತ್ತಿದ್ದ ಅಜ್ಜಿ ಪುಸ್ತಕ ಮುಚ್ಚಿ, "ಇದು ಯಾವ ಊರಿನ ವೆಲ್ಷ್?" ಅಂದರು. ರಾಗ ಕಟ್ಟುವ ಮುಂಚೆ ಆ ಕಡೆಯವರೊಬ್ಬರಿಂದ ಸಾಲುಗಳನ್ನು ಓದಿಸಿ ರೆಕಾರ್ಡ್ ಮಾಡಿಕೊಳ್ಳಿ.

ಸೌಂಡ್ ಕೆಲಸ ಮಾಡುವವರು:
ನಾವು ಒಂದು ಕಿರುಚಿತ್ರಕ್ಕೆ ಮೊದಲೇ ಹಾಡು ರೆಕಾರ್ಡ್ ಮಾಡಿ, ಶೂಟಿಂಗ್‌ನಲ್ಲಿ ಸುಮ್ನೆ ತುಟಿ ಆಡಿಸಿದೆವು. ಕ್ಲೋಸಪ್‌ನಲ್ಲಿ ಸಿಕ್ಕಿಬಿದ್ದೆವು. ಸ್ವರ ಮೇಲಕ್ಕೆ ಹೋಗುತ್ತಿದೆ, ಕತ್ತಿನ ನರ ಮಾತ್ರ ಅಲುಗುತ್ತಿಲ್ಲ! ಅರ್ಧ ದಿನದ ಕೆಲಸ ಮತ್ತೆ ಮಾಡಿದೆವು. ಟ್ರ್ಯಾಕ್ ಇದ್ದರೂ ಗಂಟಲು ಬಿಚ್ಚಿಯೇ ಹಾಡಿಸಿ. ವೆಲ್ಷ್‌ನಲ್ಲಿ ಎರಡು 'ಎಲ್' ಸೇರಿಸಿ (ll) ಬರೆಯುವ ಅಕ್ಷರ ಬರೀ ಗಾಳಿ, ಅದರಲ್ಲಿ ಸ್ವರ ನಿಲ್ಲುವುದಿಲ್ಲ. ಮೈಕ್ ಹತ್ತಿರ ಇದ್ದರೆ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತದೆ.

ಸ್ಕ್ರಿಪ್ಟ್ ಬರೆಯುವವರು:
ಕಥೆಯನ್ನು ಮೊದಲು ಅರ್ಧ ಕತ್ತರಿಸಿ. ಹಾಡಿದರೆ ಮಾತಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಪಾತ್ರದ ಮನಸ್ಸಿನ ಮಾತಿದ್ದರೆ ಮುಖ ಸುಮ್ಮನಿರಲಿ, ದನಿ ಹಿಂದಿನಿಂದ ಬರಲಿ. ಸ್ಟೇಜ್ ಮೇಲೆ ಇದು ಕಷ್ಟ, ತೆರೆಯಲ್ಲಿ ಸುಲಭ. ಒಂದೇ ಸಾಲು ಮೂರು ಸಲ ಹಾಡಿದರೆ ಸಬ್‌ಟೈಟಲ್ ಒಂದೇ ಸಲ ಸಾಕು.

ಅದಿರಲಿ, ಕಥೆಯ ಹಕ್ಕು (ಕಾಪಿರೈಟ್) ಕೇಳಿದ್ದೀರಾ? ಕೇಟ್ ರಾಬರ್ಟ್ಸ್ ತೀರಿಕೊಂಡಿದ್ದು 1985ರಲ್ಲಿ. ಬ್ರಿಟನ್‌ನಲ್ಲಿ ಲೇಖಕರು ಹೋದ ಮೇಲೂ 70 ವರ್ಷ ಹಕ್ಕು ಇರುತ್ತದೆ. ಬೇರೊಂದು ಕಥೆಗೆ ನಾವು ಸಂಗೀತ ಮುಗಿಸಿದ ಮೇಲೆ ಕೇಳಿದೆವು, ಕೊಡಲಿಲ್ಲ. ಆ ರಾಗಗಳು ಇನ್ನೂ ನನ್ನ ಲ್ಯಾಪ್‌ಟಾಪ್‌ನಲ್ಲಿವೆ.

ಪ್ರಶ್ನೆ ಕೇಳಿದವರು:
ಅಯ್ಯೋ, ಹಕ್ಕಿನ ವಿಷಯ ನಮ್ಮಲ್ಲಿ ಯಾರಿಗೂ ಹೊಳೆದೇ ಇಲ್ಲ! ಇವತ್ತೇ ಪ್ರಕಾಶಕರಿಗೆ ಬರೆಯುತ್ತೇನೆ. ಅಲ್ಲಿವರೆಗೆ ರಾಗ ಕಟ್ಟಬೇಡ ಅಂತ ಸಂಗೀತದವನಿಗೆ ಹೇಳಿದೆ. ಎರಡು ಹಾಡು ಆಗಲೇ ಮುಗಿಸಿದ್ದಾನಂತೆ, ಫೋನ್ ಎತ್ತುತ್ತಿಲ್ಲ.