ಪದಚರ್ಚೆ: ಟರ್ಕಿ ಬೇಟೆಯ ತೋಟಾದಲ್ಲಿ ಇರುವುದು ಗುಂಡೋ, ಚರೆಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನಿರುವುದು ಅಮೆರಿಕದ ಮಿಸೌರಿಯಲ್ಲಿ. ಏಪ್ರಿಲ್ ಬಂತೆಂದರೆ ಇಲ್ಲಿ ಕಾಡು ಟರ್ಕಿ ಎಂಬ, ಕೋಳಿಯ ಜಾತಿಯ ದೊಡ್ಡ ಹಕ್ಕಿಯ ಬೇಟೆಯ ಕಾಲ. ನಮ್ಮ ಕನ್ನಡದ ಮನೆಗಳ ಹುಡುಗರಲ್ಲಿ ಕೆಲವರು ಅಕ್ಕಪಕ್ಕದವರ ಜೊತೆ ಹೋಗಿ ಹೋಗಿ ಈಗ ತಾವೇ ಬೇಟೆ ಕಲಿಯುತ್ತಿದ್ದಾರೆ. ಬೇಟೆ ಶಿಕ್ಷಣದ ಪಾಠ ಮುಗಿಸಿ ಪರೀಕ್ಷೆ ಪಾಸಾದವರೂ ಇದ್ದಾರೆ. ಅವರ ತಂದೆತಾಯಿಗೆ ಆತಂಕ ಇದ್ದೇ ಇರುತ್ತದೆ, ಅಲ್ವಾ? ಮಕ್ಕಳು ಕೋವಿಗೆ ತುಂಬುವುದು ಏನು, ಅದು ಎಷ್ಟು ದೂರ ಹೋಗುತ್ತದೆ, ಅದನ್ನೇ ಯಾಕೆ ಆರಿಸಬೇಕು ಅಂತ ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿದ್ದಾರೆ. ಬರೆಯುತ್ತಿದ್ದೇನೆ. ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಮೊದಲ ತೊಡಕು 'ಶಾಟ್', ಅಂದರೆ ಒಂದೇ ಸಲಕ್ಕೆ ಹಿಡಿಯಾಗಿ ಹೋಗುವ ಲೋಹದ ಸಣ್ಣ ಕಾಳುಗಳು. ಶಾಟ್, ಬುಲೆಟ್, ಪೆಲೆಟ್, ಸ್ಲಗ್ ಎಲ್ಲಕ್ಕೂ ನಾವು ಸಲೀಸಾಗಿ 'ಗುಂಡು' ಅಂದುಬಿಡುತ್ತೇವೆ. ಪತ್ರಿಕೆಗಳಲ್ಲೂ ಹಾಗೆಯೇ. ಪೊಲೀಸರು ಹಾರಿಸಿದ್ದೂ ಗುಂಡು, ಕಾಡುಹಂದಿಗೆ ಹೊಡೆದದ್ದೂ ಗುಂಡು. ಸುದ್ದಿಗೆ ಅಷ್ಟು ಸಾಕು. ಆದರೆ ಮಿಸೌರಿಯ ನಿಯಮ ನೋಡಿ: ಟರ್ಕಿಗೆ ಶಾಟ್‌ಗನ್ ಬಳಸುವುದಾದರೆ ಅದರಲ್ಲಿ ಶಾಟ್ ಇರಬೇಕು, ಅದು 4ನೇ ನಂಬರಿಗಿಂತ ದಪ್ಪ ಇರಬಾರದು. ಅಂದರೆ ಒಂಟಿ ಗುಂಡಿನ ಸ್ಲಗ್ ಕೂಡದು. ಜಿಂಕೆಗೆ ಬಳಸುವ ದಪ್ಪ ಬಕ್‌ಶಾಟ್ ಕೂಡದು. ಇದನ್ನು 'ಗುಂಡು' ಎಂಬ ಒಂದೇ ಪದದಲ್ಲಿ ಬರೆದು ನೋಡಿ. ಯಾವುದು ಸರಿ, ಯಾವುದು ತಪ್ಪು ಅಂತ ಓದಿದವರಿಗೆ ತಿಳಿಯುವುದೇ ಇಲ್ಲ. ಇದು ಬರೀ ಪದದ ನಾಜೂಕಿನ ಪ್ರಶ್ನೆ ಅಲ್ಲ. ಹುಡುಗ ಅಂಗಡಿಯಿಂದ ತಪ್ಪು ಡಬ್ಬಿ ತಂದರೆ ಕಾನೂನು ಮುರಿದ ಹಾಗೆ.

ನನ್ನ ಆಯ್ಕೆ 'ಚರೆ'. ಮಲೆನಾಡಿನಲ್ಲಿ ಕೋವಿ ಇದ್ದ ಮನೆಗಳಲ್ಲೆಲ್ಲ ಈ ಪದ ಇತ್ತು, ಈಗಲೂ ಇದೆ. ಒಂಟಿಯಾಗಿ ಹೋಗುವುದು ಗುಂಡು. ಹಿಡಿಯಾಗಿ ಹೋಗಿ ಹರಡುವುದು ಚರೆ. ಹಿಂದಿಯ 'ಛರ್ರಾ' ಇದರ ನೆಂಟ. ತಮಿಳಿನಲ್ಲಿ 'ರವೈ' ಅನ್ನುತ್ತಾರೆ. ನಮ್ಮ ಗಡಿ ಜಿಲ್ಲೆಗಳಲ್ಲೂ 'ರವೆ' ಎಂಬ ಬಳಕೆ ಇದೆಯೇ ಅಂತ ಚಾಮರಾಜನಗರ, ಕೋಲಾರದ ಕಡೆಯವರು ದಯವಿಟ್ಟು ತಿಳಿಸಿ.

'ಶಾಟ್' ಪದಕ್ಕೆ ಇನ್ನೊಂದು ಅರ್ಥವೂ ಇದೆ, ಒಂದು ಸಲ ಹೊಡೆಯುವುದು. ಅದಕ್ಕೆ ನಮ್ಮಲ್ಲಿ 'ಈಡು' ಇದೆ. 'ಒಂದೇ ಈಡಿಗೆ ಬಿತ್ತು' ಅಂದಾಗ ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ ಒಂದೇ ಪದ ಹೊತ್ತ ಎರಡು ಅರ್ಥಗಳಿಗೆ ನಮ್ಮಲ್ಲಿ ಎರಡು ಬೇರೆ ಪದ ಇವೆ. ಇಂಥವನ್ನು ಬಿಟ್ಟು ಎಲ್ಲದಕ್ಕೂ ಗುಂಡು ಅನ್ನುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ನಿಂತಿತು, ನಿಲ್ಲಲೇಬೇಕಿತ್ತು. ಅದರ ಜೊತೆಗೆ ಪದಗಳೂ ಮರೆಯಾಗುತ್ತಿವೆ. ಬೆಳೆ ಕಾಯುವ ಕೋವಿ ಇರುವ ಮನೆಗಳಲ್ಲಿ, ಕೊಡಗಿನಲ್ಲಿ, ಅವು ಇನ್ನೂ ಜೀವಂತವಾಗಿವೆ. ಈಗ ಕೇಳಿ ಬರೆದಿಟ್ಟುಕೊಳ್ಳದಿದ್ದರೆ ಮುಂದೆ ಕೇಳಲು ಜನ ಸಿಗುವುದಿಲ್ಲ.

ಚರೆ, ಮದ್ದು ಎರಡನ್ನೂ ತುಂಬಿದ ಹೊರಗಿನ ಕೋಶಕ್ಕೆ 'ತೋಟಾ' ಅಂತ ಬರೆದಿದ್ದೇನೆ. 'ಕಾಡತೂಸು' ಕೂಡ ಚೆನ್ನಾಗಿದೆ, ಹಿರಿಯರ ಬಾಯಲ್ಲಿ ಅದೇ ಜಾಸ್ತಿ. ಆದರೆ ಇಂದಿನ ಹುಡುಗರಿಗೆ ತೋಟಾ ಬೇಗ ಹಿಡಿಸುತ್ತದೆ. ಒಂದೇ ಅಳುಕು. ಕೆಲವು ಕಡೆ ಬಂಡೆ ಸಿಡಿಸುವ ಮದ್ದಿಗೂ, ಹೊಳೆಯಲ್ಲಿ ಮೀನಿಗೆ ಹಾಕುವ ಮದ್ದಿಗೂ 'ತೋಟೆ' ಅನ್ನುತ್ತಾರೆ. ಸಂದರ್ಭ ನೋಡಿದರೆ ತಿಳಿಯುತ್ತದೆ ಅಂತ ಬಿಟ್ಟಿದ್ದೇನೆ. ನಿಮಗೇನನಿಸುತ್ತದೆ?

ಒಂದು ತೋಟಾವನ್ನು ಉದ್ದಕ್ಕೆ ಸೀಳಿ ನೋಡಿದರೆ ತಳದಲ್ಲಿ ಹಿತ್ತಾಳೆ ಬಣ್ಣದ ಲೋಹದ ಬಟ್ಟಲು, ಅದರ ನಡುವೆ ಕೇಪು, ಅಂದರೆ ಬಡಿದಾಗ ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ. ಅದರ ಮೇಲೆ ಮದ್ದು. ಮದ್ದಿನ ಮೇಲೆ ಪ್ಲಾಸ್ಟಿಕ್ಕಿನ ಪುಟ್ಟ ಲೋಟದಂಥದ್ದು, ಅದರ ತುಂಬ ಚರೆ. ಬಾಯಿಯನ್ನು ನಕ್ಷತ್ರದ ಹಾಗೆ ಮಡಚಿ ಮುಚ್ಚಿರುತ್ತಾರೆ. 'ಕೇಪಿನ ಕೋವಿ' ಅಂತ ನಾವು ಹೇಳುತ್ತಲೇ ಬಂದಿದ್ದೇವೆ, ಹಾಗಾಗಿ ಕೇಪಿಗೆ ಹೊಸ ಪದ ಬೇಡ. ಮದ್ದಿಗೂ ಬೇಡ. ಆ ಪ್ಲಾಸ್ಟಿಕ್ ಲೋಟಕ್ಕೆ, ಇಲ್ಲಿಯವರ 'ವಾಡ್'ಗೆ, ಏನು ಹೇಳೋಣ? ಹಳೆಯ ಕೋವಿಗಳಲ್ಲಿ ಮದ್ದು ಹಾಕಿ, ತೆಂಗಿನ ನಾರು ತುರುಕಿ, ಗಜದಿಂದ (ಉದ್ದನೆಯ ಸಲಾಕೆಯಿಂದ) ಜಡಿದು, ಆಮೇಲೆ ಚರೆ ಹಾಕುತ್ತಿದ್ದರು. ಆ ನಾರಿನ ಉಂಡೆಗೆ ನಿಮ್ಮ ಕಡೆ ಬೇರೆ ಹೆಸರು ಇದ್ದರೆ ಅದನ್ನೇ ಇದಕ್ಕೂ ಹಾಕಬಹುದು. ಕೆಲಸ ಹೆಚ್ಚುಕಡಿಮೆ ಅದೇ.

ಇನ್ನು ನಂಬರಿನ ವಿಷಯ. ಇಲ್ಲಿ ಅರ್ಥ ಕೆಡುವುದು ತುಂಬಾ ಸುಲಭ.

ಚರೆಯ ನಂಬರ್ ದೊಡ್ಡದಾದಷ್ಟೂ ಚರೆ ಸಣ್ಣದು. ಹಾಗಾಗಿ '4ಕ್ಕಿಂತ ದೊಡ್ಡದು ಕೂಡದು' ಅಂತ ಬರೆದರೆ ಒಬ್ಬರು 5, 6 ಬೇಡ ಅಂದುಕೊಳ್ಳುತ್ತಾರೆ. ವಿಷಯ ಅದಕ್ಕೆ ಪೂರಾ ಉಲ್ಟಾ. ಅದಕ್ಕೇ 'ದೊಡ್ಡ' ಎಂಬುದನ್ನು ನಂಬರಿಗೆ ಬಿಟ್ಟು, ಚರೆಗೆ 'ದಪ್ಪ' ಅಂತಲೇ ಬರೆಯುತ್ತಿದ್ದೇನೆ. ಅಮೆರಿಕದ ಲೆಕ್ಕ ನೆನಪಿಡುವುದು ಸುಲಭ. 17ರಲ್ಲಿ ನಂಬರ್ ಕಳೆಯಿರಿ, ಉಳಿದದ್ದು ಅಂಗುಲದ ನೂರನೇ ಪಾಲಿನಲ್ಲಿ ಚರೆಯ ದಪ್ಪ. 5ನೇ ನಂಬರ್ ಅಂದರೆ ಅಂಗುಲದ ನೂರರಲ್ಲಿ 12 ಪಾಲು, ಸುಮಾರು 3 ಮಿಲಿಮೀಟರ್. 4ನೇ ನಂಬರ್ 3.3 ಮಿಲಿಮೀಟರ್, 6ನೇದು 2.8.

ಆದರೆ ನಮ್ಮ ಊರಿನವರಿಗೆ ಗೊತ್ತಿರುವುದು ಬ್ರಿಟಿಷ್ ಲೆಕ್ಕ. ದಪ್ಪ ಚರೆಗೆ ಹೇಳುವ ಎಲ್‌ಜಿ, ಎಸ್‌ಜಿ, ಬಿಬಿ ಎಂಬ ಹೆಸರುಗಳೂ ಅಲ್ಲಿಂದಲೇ ಬಂದವು. ಬ್ರಿಟಿಷ್ 6ನೇ ನಂಬರ್ 2.6 ಮಿಲಿಮೀಟರ್. ಅಮೆರಿಕದ 6ನೇ ನಂಬರಿಗೆ ಸಮನಾದದ್ದು ಅವರ 5. ಅಂದರೆ ಸಕಲೇಶಪುರದ ಅಜ್ಜ '6ನೇ ನಂಬರ್' ಅಂದಾಗಲೂ ಸೇಂಟ್ ಲೂಯಿಸ್‌ನ ಮೊಮ್ಮಗ '6ನೇ ನಂಬರ್' ಅಂದಾಗಲೂ ಇಬ್ಬರ ಮನಸ್ಸಿನಲ್ಲಿ ಇರುವುದು ಬೇರೆ ಬೇರೆ ಚರೆ. ಕನ್ನಡದಲ್ಲಿ ಬರೆಯುವಾಗ ನಂಬರಿನ ಜೊತೆಗೆ ಮಿಲಿಮೀಟರ್ ಕೊಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಟರ್ಕಿಗೆ ಸೀಸದ ಚರೆಯಲ್ಲಿ ಯಾಕೆ 4, 5, 6 ಮಾತ್ರ? ಇದನ್ನು ವಿವರಿಸದೆ ಪದ ಕೂರುವುದಿಲ್ಲ. ಬಲಿತ ಟರ್ಕಿ ಹುಂಜ ಎಂಟೊಂಬತ್ತು ಕಿಲೋ ತೂಗುತ್ತದೆ. ಮೈಮೇಲೆ ಒತ್ತಾದ ಗರಿ, ಎದೆಯಲ್ಲಿ ದಪ್ಪ ಮಾಂಸ. ಮೈಗೆ ಚರೆ ತಾಗಿದರೆ ಹಕ್ಕಿ ಅಲ್ಲೇ ಬೀಳುವುದಿಲ್ಲ, ಗಾಯ ಹೊತ್ತು ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಹಾಗಾಗಿ ಗುರಿ ಯಾವಾಗಲೂ ತಲೆ ಮತ್ತು ಕತ್ತು. ಮಿದುಳು, ಕತ್ತಿನ ಮೂಳೆ ಎರಡೂ ಸಣ್ಣ ಜಾಗ. ಅಲ್ಲಿಗೆ ಒಟ್ಟಿಗೆ ತುಂಬಾ ಚರೆ ಹೋಗಬೇಕು, ಪ್ರತಿ ಚರೆಗೂ ಮೂಳೆ ಒಡೆಯುವ ಕಸುವು ಇರಬೇಕು. ಸೀಸದ 4ನೇ ನಂಬರ್ ಒಂದು ಔನ್ಸಿಗೆ ಸುಮಾರು 135 ಹಿಡಿಯುತ್ತದೆ, 5ನೇದು 170, 6ನೇದು 225. ದಪ್ಪ ಹೆಚ್ಚಿದರೆ ಕಸುವು ಜಾಸ್ತಿ, ಎಣಿಕೆ ಕಮ್ಮಿ. ಒಂದೂಮುಕ್ಕಾಲು ಔನ್ಸ್ ತುಂಬಿದ ತೋಟಾದಲ್ಲಿ 5ನೇ ನಂಬರಿನ ಚರೆ ಸುಮಾರು 300 ಇರುತ್ತವೆ. ಹೊಸಬರಿಗೆ ಸೀಸದ್ದೇ ಸಾಕು ಅನ್ನುವುದಾದರೆ ನಾನು 5ನ್ನೇ ಹೇಳುತ್ತೇನೆ. ಎರಡರ ನಡುವೆ ಸರಿಯಾಗಿ ನಿಲ್ಲುತ್ತದೆ.

ಹುಂಜ ಗರಿ ಬಿಚ್ಚಿ ಕುಣಿಯುವಾಗ ಕತ್ತನ್ನು ಒಳಗೆ ಎಳೆದುಕೊಂಡಿರುತ್ತದೆ. ಆಗ ಈಡು ಹೊಡೆಯಬಾರದು. ಅದು ಕತ್ತೆತ್ತಿ ನೋಡುವವರೆಗೆ ಕಾಯಬೇಕು. ಆ ಕುಣಿತಕ್ಕೆ ಇಲ್ಲಿ 'ಸ್ಟ್ರಟ್' ಅನ್ನುತ್ತಾರೆ. ನವಿಲಿನ ಹಾಗೆ 'ಗರಿಗೆದರು' ಅಂದರೆ ಸಾಕಲ್ವಾ? ನನಗೆ ಅದೇ ಹಿಡಿಸಿದೆ.

ಈಚೆಗೆ ಟಂಗ್‌ಸ್ಟನ್ ಚರೆ ಬಂದಿದೆ, 'ಟಿಎಸ್ಎಸ್' ಅಂತ ಕರೆಯುತ್ತಾರೆ. ಸೀಸ ನೀರಿಗಿಂತ ಹನ್ನೊಂದು ಪಟ್ಟು ಭಾರ, ಇದು ಸುಮಾರು ಹದಿನೆಂಟು ಪಟ್ಟು. ಹಾಗಾಗಿ ಬರೀ 2 ಮಿಲಿಮೀಟರಿನ 9ನೇ ನಂಬರ್ ಚರೆ ಕೂಡ ಸೀಸದ 5ರ ಹಾಗೆ ಒಳಗೆ ಇಳಿಯುತ್ತದೆ. ಒಂದು ಔನ್ಸಿಗೆ 360ರಷ್ಟು ಹಿಡಿಯುತ್ತದೆ ಬೇರೆ. ಸಣ್ಣ ನಳಿಗೆಯ ಹಗುರ ಕೋವಿಯಲ್ಲೂ ಟರ್ಕಿ ಹೊಡೆಯಲು ಆಗುವುದು ಇದರಿಂದಲೇ. ಹದಿಹರೆಯದ ಹುಡುಗಿಯರ ಹೆಗಲಿಗೆ ಇದು ದೊಡ್ಡ ಅನುಕೂಲ. ಬೆಲೆ ಮಾತ್ರ ಜೋರು. ಇಲ್ಲಿ ಪದದ ಪ್ರಶ್ನೆ ಏನೆಂದರೆ, 'ಚರೆ' ಅಂದ ಕೂಡಲೇ ನಮ್ಮವರ ಕಿವಿಗೆ ಕೇಳುವುದು ಸೀಸ. 1991ರಿಂದ ಅಮೆರಿಕದಲ್ಲಿ ಬಾತುಕೋಳಿ ಬೇಟೆಗೆ ಸೀಸದ ಚರೆ ಕೂಡದು. ಕೆರೆಯ ತಳದಲ್ಲಿ ಬಿದ್ದ ಚರೆಯನ್ನು ಹಕ್ಕಿಗಳು ಕಲ್ಲಿನ ಹರಳು ಅಂತ ನುಂಗಿ ವಿಷವೇರಿ ಸಾಯುತ್ತಿದ್ದವು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಯಾವ ಬೇಟೆಗೂ ಸೀಸ ಇಲ್ಲ, ಟರ್ಕಿಗೂ ಇಲ್ಲ. ಅದಕ್ಕೇ ಪ್ರತಿ ಸಲವೂ ಸೀಸದ ಚರೆ, ಉಕ್ಕಿನ ಚರೆ, ಟಂಗ್‌ಸ್ಟನ್ ಚರೆ ಅಂತ ಬಿಡಿಸಿ ಬರೆಯುತ್ತಿದ್ದೇನೆ.

ನಳಿಗೆಯ ಅಳತೆಗೆ ಇಲ್ಲಿ 'ಗೇಜ್', ನಮ್ಮಲ್ಲಿ 'ಬೋರ್'. ಎರಡೂ ಒಂದೇ. ಒಂದು ಪೌಂಡ್ ಸೀಸದಲ್ಲಿ ಒಂದೇ ಸಮನಾದ 12 ಗುಂಡು ಮಾಡಿದರೆ ಒಂದು ಗುಂಡು ಎಷ್ಟು ಅಗಲವೋ ಅದು 12 ಬೋರ್, ಅಂದರೆ 18.5 ಮಿಲಿಮೀಟರ್. ನಾನು 'ಬೋರ್' ಉಳಿಸಿಕೊಂಡು, ಮೊದಲ ಸಲ ಬಂದಾಗ 'ಡಬ್ಬಿಯ ಮೇಲೆ ಗೇಜ್ ಅಂತ ಇರುತ್ತದೆ' ಎಂದು ಸೇರಿಸಿದ್ದೇನೆ. ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ದಪ್ಪಕ್ಷರದಲ್ಲಿ ಹಾಕಿದ್ದೇನೆ. 20 ಬೋರಿನ ತೋಟಾ ಹಳದಿ ಬಣ್ಣದಲ್ಲಿ ಇರುವುದಕ್ಕೆ ಕಾರಣ ಇದೆ. ಅದನ್ನು 12 ಬೋರಿನ ಕೋವಿಗೆ ಹಾಕಿದರೆ ಜಾರಿ ಮುಂದೆ ಹೋಗಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಇದ್ದ ಹಾಗೆ ಕಾಣುತ್ತದೆ. ಅದರ ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ಜೇಬಿನಲ್ಲಿ ಎರಡನ್ನೂ ಬೆರೆಸಿ ಇಟ್ಟುಕೊಳ್ಳಲೇಬಾರದು.

ನನಗೆ ನಿಜವಾಗಿ ಕಷ್ಟವಾಗಿರುವುದು 'ಚೋಕ್' ಮತ್ತು 'ಪ್ಯಾಟರ್ನ್'. ನಳಿಗೆಯ ಬಾಯಿಯನ್ನು ಸ್ವಲ್ಪ ಕಿರಿದು ಮಾಡಿದರೆ ಚರೆ ಬೇಗ ಚೆದುರದೆ ಒತ್ತಾಗಿ ಹೋಗುತ್ತದೆ. ಆ ಕಿರಿದು ಮಾಡುವ ತುಂಡು ಚೋಕ್. ತಿರುಪಿ ಕೂರಿಸುತ್ತಾರೆ, ತೆಗೆಯುತ್ತಾರೆ. 'ಪೂರ್ತಿ ಚೋಕ್' ಅಂದರೆ 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ ನೂರಕ್ಕೆ 70ರಷ್ಟು ಚರೆ ಬೀಳಬೇಕು. ಟರ್ಕಿಗೆ ಇದಕ್ಕಿಂತ ಬಿಗಿಯಾದದ್ದು ಸಿಗುತ್ತದೆ. 'ಬಿಗಿ' ಎಂಬ ಪದವನ್ನೇ ತೆಗೆದುಕೊಂಡು 'ಬಾಯಿಬಿಗಿ' ಅಂತ ಮಾಡೋಣವೇ ಎಂದು ಯೋಚಿಸಿದೆ. ಆದರೆ ಅಂಗಡಿಯಲ್ಲಿ ಕೇಳುವಾಗ ಹುಡುಗರಿಗೆ ಬೇಕಾಗುವುದು ಚೋಕ್ ಎಂಬ ಪದವೇ. ಸದ್ಯಕ್ಕೆ 'ಚೋಕು' ಅಂತ ಇಟ್ಟಿದ್ದೇನೆ.

ಪ್ಯಾಟರ್ನ್‌ಗೆ 'ಹರವು' ಅಂತ ಬರೆದಿದ್ದೇನೆ. ಕಾಗದದ ಮೇಲೆ ಹಕ್ಕಿಯ ತಲೆ ಬರೆದು ಈಡು ಹೊಡೆದು, ಚರೆ ಎಲ್ಲೆಲ್ಲಿ ತೂತು ಮಾಡಿದೆ ಅಂತ ನೋಡುವುದು 'ಹರವು ನೋಡುವುದು'. 40 ಗಜದಲ್ಲಿ 10 ಅಂಗುಲದ ವೃತ್ತದೊಳಗೆ 100 ತೂತು ಬಿದ್ದರೆ ಆ ತೋಟಾ ಆ ಕೋವಿಗೆ ಒಗ್ಗಿತು ಅಂತ ಇಲ್ಲಿಯ ಬೇಟೆಗಾರರ ಲೆಕ್ಕ. ಅಷ್ಟು ಬೀಳದಿದ್ದರೆ ಹತ್ತಿರದಿಂದ ಹೊಡೆಯಬೇಕು, ಇಲ್ಲವೇ ತೋಟಾ ಬದಲಿಸಬೇಕು. ಒಂದೇ ಡಬ್ಬಿಯ ತೋಟಾ ಒಬ್ಬರ ಕೋವಿಯಲ್ಲಿ ಒತ್ತಾಗಿ ಬಿದ್ದರೆ ಇನ್ನೊಬ್ಬರದರಲ್ಲಿ ನಡುವೆ ಖಾಲಿ ಬಿಟ್ಟು ಬೀಳುತ್ತದೆ. ತೋಟಾ ಆರಿಸುವುದರಲ್ಲಿ ಇದಕ್ಕಿಂತ ದೊಡ್ಡ ಮಾತು ಇಲ್ಲ, ಹಾಗಾಗಿ ಈ ಪದ ಸರಿಯಾಗಿ ಕೂರಬೇಕು ಅಂತ ನನಗೆ ತುಂಬಾ ಆಸೆ. 'ಹರವು' ಅಂದರೆ ಎಷ್ಟು ಅಗಲ ಹರಡಿತು ಅಂತಷ್ಟೇ ಕೇಳಿಸುತ್ತದೆಯೋ, ಹೇಗೆ ಹರಡಿತು ಎಂಬುದೂ ಕೇಳಿಸುತ್ತದೆಯೋ?

ಹಕ್ಕಿಯ ಪದಗಳಲ್ಲಿ ಹೆಚ್ಚು ಕಷ್ಟವಿಲ್ಲ. ಹುಂಜ, ಹೇಂಟೆ ನಮ್ಮವೇ. ವರ್ಷ ತುಂಬಿದ 'ಜೇಕ್'ಗೆ 'ಎಳೆ ಹುಂಜ'. ಎದೆಯಿಂದ ಇಳಿಬಿದ್ದ ಕೂದಲಿನಂಥ ಗರಿಗೆ 'ಗಡ್ಡ'. ಇಷ್ಟು ಸಾಕು ಅಂದುಕೊಂಡಿದ್ದೇನೆ.

ಬೇಟೆಯ ಬಗ್ಗೆ ಯಾಕೆ ಬರೆಯಬೇಕು ಅಂತ ಕೆಲವರಿಗೆ ಅನ್ನಿಸಬಹುದು, ಆ ಪ್ರಶ್ನೆ ನ್ಯಾಯವಾದದ್ದೇ. 1930ರ ದಶಕದ ಹೊತ್ತಿಗೆ ಈ ಹಕ್ಕಿ ಅಮೆರಿಕದ ಬಹಳ ಕಡೆ ಕಾಣದಾಗಿತ್ತು. 1937ರ ಕಾನೂನಿನಂತೆ ಬೇಟೆಯ ಕೋವಿ, ತೋಟಾಗಳ ಮೇಲೆ ಹಾಕುವ ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಬಲೆ ಹಾರಿಸಿ ಹಕ್ಕಿ ಹಿಡಿದು, ಇಲ್ಲದ ಕಾಡಿಗೆ ಒಯ್ದು ಬಿಟ್ಟು ಬೆಳೆಸಿದರು. ಮಿಸೌರಿಯಲ್ಲಿ 1960ರಲ್ಲಿ ಮತ್ತೆ ಬೇಟೆಗೆ ಅನುಮತಿ ಕೊಡುವಷ್ಟು ಹಕ್ಕಿಗಳಾದವು. ಈ ಭಾಗವನ್ನೂ ಲೇಖನದಲ್ಲಿ ಸೇರಿಸಿದ್ದೇನೆ.

ಈಗ ನಿಮ್ಮಿಂದ ಬೇಕಾದದ್ದು ಮುಖ್ಯವಾಗಿ ಮೂರು: ವಾಡಿಗೆ ಹಳೆಯ ಹೆಸರು, ಚೋಕಿಗೆ ಯಾರ ಬಾಯಲ್ಲಾದರೂ ಕನ್ನಡ ಪದ ಕೇಳಿದ್ದರೆ ಅದು, ಮತ್ತು 'ಹರವು' ಸರಿಯೋ ಎಂಬುದು. ಕೊಡವ ತಕ್ಕಿನಲ್ಲಿ ಕೋವಿಗೆ 'ತೋಕ್' ಅಂತ ಗೊತ್ತು, ಚರೆಗೆ ಏನಂತಾರೆ ಎಂಬುದನ್ನೂ ಕೊಡಗಿನವರು ತಿಳಿಸಿ. ಪದದ ಜೊತೆಗೆ ಅದನ್ನು ಯಾವ ಊರಿನಲ್ಲಿ, ಯಾವ ಕೋವಿಯ ಬಗ್ಗೆ ಕೇಳಿದಿರಿ ಎಂದು ಒಂದು ಸಾಲು ಬರೆದರೆ ಉಪಕಾರ. ಸುಮ್ನೆ ಹೊಸದಾಗಿ ಕಟ್ಟಿದ ಪದಕ್ಕಿಂತ ಬಳಕೆಯಲ್ಲಿ ಇದ್ದ ಪದವನ್ನೇ ಹಾಕುತ್ತೇನೆ.