ಬ್ಯಾಚ್ ಗ್ರೂಪಿನಲ್ಲಿ ಹೆಚ್-ಇಂಡೆಕ್ಸ್ ರಗಳೆ

ಅಡ್ಮಿನ್: [ಚಿತ್ರ] ನಮ್ಮ ರೋಲ್ ನಂಬರ್ 23, ಕಿಡ್ನಿ ಸಾಹೇಬ್ರ ಗೂಗಲ್ ಸ್ಕಾಲರ್ ಪುಟ. ಹೆಚ್-ಇಂಡೆಕ್ಸ್ 41!! ಬ್ಯಾಚ್ ಮೀಟ್‌ಗೆ ಪೋಸ್ಟರ್ ಮಾಡಿಸ್ತಿದ್ದೀನಿ. ಎಲ್ರೂ ಚಪ್ಪಾಳೆ ತಟ್ರಪ್ಪ 👏👏

ಕೊನೇ ಬೆಂಚು: 👏 41 ಅಂದ್ರೆ ಎಷ್ಟಕ್ಕೆ? ನೂರಕ್ಕಾ?

ಪ್ಯಾಥಾಲಜಿ: ಮಾರ್ಕ್ಸ್ ಅಲ್ಲ ಮಾರಾಯ. ಅವನ ಪ್ರಬಂಧಗಳ ಪೈಕಿ 41ಕ್ಕೆ, ಒಂದೊಂದಕ್ಕೂ ಕನಿಷ್ಠ 41 ಸೈಟೇಷನ್ ಇದೆ ಅಂತ, ಅಂದ್ರೆ ಬೇರೆಯವರ ಪ್ರಬಂಧಗಳಲ್ಲಿ ಅಷ್ಟು ಸಲ ಉಲ್ಲೇಖ. 2005ರಲ್ಲಿ ಹಿರ್ಷ್ ಅನ್ನೋ ಭೌತವಿಜ್ಞಾನಿ ಹಾಕಿಕೊಟ್ಟ ಲೆಕ್ಕ. ಮೂರೇ ಪ್ರಬಂಧ ಬರೆದು ಒಂದೊಂದಕ್ಕೂ ಸಾವಿರ ಸೈಟೇಷನ್ ಬಂದ್ರೂ ಅವನ ಹೆಚ್-ಇಂಡೆಕ್ಸ್ 3 ದಾಟಲ್ಲ.

ಮೂಳೆ ಡಾಕ್ಟ್ರು: ಎಲ್ಲೋ ಹೊಟ್ಟೆಕಿಚ್ಚಿನ ವಾಸನೆ 😀

ಪ್ಯಾಥಾಲಜಿ: ಇರಬಹುದು, ನನ್ನದು 9. ಆದ್ರೆ ಪೋಸ್ಟರ್ ಮೇಲೆ "ಸಾವಿರಾರು ಜೀವ ಉಳಿಸಿದ ಸಂಶೋಧಕ" ಅಂತ ಬರೆದಿದ್ದೀರಲ್ಲ, ಅದು 41ರಿಂದ ಹೊರಡಲ್ಲ.

ಮೂಳೆ ಡಾಕ್ಟ್ರು: ಕೆಲಸಕ್ಕೆ ಬಾರದ್ದನ್ನ ಜನ ಯಾಕೆ ಅಷ್ಟು ಸಲ ಉಲ್ಲೇಖಿಸ್ತಾರೆ?

ಅರಿವಳಿಕೆ: ನಮ್ಮ ಫೀಲ್ಡಿನ ಕತೆ ಕೇಳಿ. ಜರ್ಮನಿಯ ಯೋಆಕಿಮ್ ಬೋಲ್ಟ್, ದೊಡ್ಡ ಹೆಸರು. ರಕ್ತನಾಳಕ್ಕೆ ದ್ರವ ತುಂಬೋಕೆ ಕೊಡೋ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಡ್ರಿಪ್ ಚೆನ್ನಾಗಿದೆ ಅಂತ ಪ್ರಬಂಧದ ಮೇಲೆ ಪ್ರಬಂಧ. ಐಸಿಯುನಲ್ಲಿ ಆ ಬಾಟ್ಲಿ ನಾನೇ ಎಷ್ಟು ಸಲ ನೇತುಹಾಕಿದ್ದೀನೋ. ಆಮೇಲೆ ನೋಡಿದ್ರೆ ಎಷ್ಟೋ ಅಧ್ಯಯನಕ್ಕೆ ಎಥಿಕ್ಸ್ ಕಮಿಟಿ ಅನುಮತಿಯೇ ಇಲ್ಲ. ಇಲ್ಲೀವರೆಗೆ 200ಕ್ಕೂ ಹೆಚ್ಚು ಪ್ರಬಂಧ ರಿಟ್ರ್ಯಾಕ್ಟ್ ಆಗಿವೆ, ಅಂದ್ರೆ ಪತ್ರಿಕೆಗಳೇ ಹಿಂದಕ್ಕೆ ತಗೊಂಡಿವೆ. 2013ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಮೆಟಾ ಅನಾಲಿಸಿಸ್ ಬಂತು, ಹಲವು ಟ್ರಯಲ್‌ಗಳನ್ನ ಒಟ್ಟುಗೂಡಿಸಿದ ಲೆಕ್ಕ. ಅವನ 7 ಟ್ರಯಲ್ ಪಕ್ಕಕ್ಕಿಟ್ಟು ಉಳಿದದ್ದನ್ನ ಕೂಡಿದ್ರೆ, ಸ್ಟಾರ್ಚ್ ಕೊಟ್ಟವರಲ್ಲಿ ಸಾವೂ ಜಾಸ್ತಿ, ಕಿಡ್ನಿ ಕೆಟ್ಟದ್ದೂ ಜಾಸ್ತಿ. ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೂಳೆ ಡಾಕ್ಟ್ರು: ಅವನ್ಯಾರೋ ಮಾಡಿದ್ದಕ್ಕೆ ನಮ್ಮ ಹುಡುಗನ ಮುಖಕ್ಕೆ ಮಸಿ ಬಳಿಯೋದಾ?

ಅರಿವಳಿಕೆ: ಇವನ ಬಗ್ಗೆ ನಾನು ಚಕಾರ ಎತ್ತಿಲ್ಲ. ಎಣಿಕೆಗೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ ಅಂದೆ. ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ವೇಕ್‌ಫೀಲ್ಡ್ ಪ್ರಬಂಧ ಲ್ಯಾನ್ಸೆಟ್‌ನಲ್ಲಿ ಬಂದದ್ದು 1998, ಹಿಂದಕ್ಕೆ ತಗೊಂಡದ್ದು 2010. "ಇದು ತಪ್ಪು" ಅಂತ ಬರೆದವರ ಉಲ್ಲೇಖವೂ ಅದರ ಖಾತೆಗೇ ಜಮಾ.

ಪ್ಯಾಥಾಲಜಿ: ಇದರ ತಿರುವುಮುರುವೂ ಇದೆ. ಕಲ್ಕತ್ತಾದ ಶಂಭುನಾಥ್ ಡೇ. ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನ ಸೋಸಿ, ಒಂದು ಜೀವಾಣುವೂ ಇಲ್ಲದ ಹಾಗೆ ಮಾಡಿ, ಮೊಲದ ಕರುಳಿನ ಎರಡೂ ಕಡೆ ಕಟ್ಟಿದ ತುಂಡಿಗೆ ಬಿಟ್ಟರು. ತುಂಡು ನೀರು ತುಂಬಿ ಉಬ್ಬಿತು. ಅಂದ್ರೆ ಕೆಲಸ ಮಾಡ್ತಿರೋದು ಬ್ಯಾಕ್ಟೀರಿಯಾ ಬಿಟ್ಟ ವಿಷ. 1959ರಲ್ಲಿ ನೇಚರ್‌ನಲ್ಲಿ ಬಂತು, ಪುಟ್ಟ ಪ್ರಬಂಧ. ವರ್ಷಗಟ್ಟಲೆ ಹೆಚ್ಚು ಯಾರೂ ಅದನ್ನ ಎತ್ತಿಕೊಳ್ಳಲಿಲ್ಲ. ತಮಾಷೆ ನೋಡಿ, ಸೈಟೇಷನ್ ಎಣಿಸೋ ಉದ್ಯಮ ಕಟ್ಟಿದ ಗಾರ್ಫೀಲ್ಡೇ 1986ರಲ್ಲಿ ಅವರ ಬಗ್ಗೆ ಬರೆದ. ಡೇ ತೀರಿಕೊಂಡದ್ದು 1985.

ಮೂಳೆ ಡಾಕ್ಟ್ರು: ಹಾಗಂತ ಸೊನ್ನೆ ಸೈಟೇಷನ್ ಇರೋರೆಲ್ಲ ಡೇ ಆಗಿಬಿಡ್ತಾರಾ? ನಾನು ಇಷ್ಟು ವರ್ಷದಲ್ಲಿ ಒಂದಕ್ಷರ ಬರೆದಿಲ್ಲ. ಅವನು ಡ್ಯೂಟಿ ಮುಗಿಸಿ ರಾತ್ರಿ ಕೂತು ಬರೆದಿದ್ದಾನೆ.

ಪ್ಯಾಥಾಲಜಿ: ಅದು ಮಾತು. ಒಪ್ಪಿದೆ.

ಕೊನೇ ಬೆಂಚು: ನಾನು ಲಿಂಕ್ ಒತ್ತಿ ನೋಡಿದೆ. ಕಿಡ್ನಿ ಸಾಹೇಬ್ರು ಜೋಳದ ಕಾಂಡಕೊರಕ ಹುಳದ ಮೇಲೆ ಯಾವಾಗ ಬರೆದ್ರು??

ಅಡ್ಮಿನ್: ಏನ್ ಹುಳ?

ಪ್ಯಾಥಾಲಜಿ: 😂 ಅದೇ ಹೆಸರು, ಅದೇ ಇನಿಷಿಯಲ್ ಇರೋ ಇನ್ಯಾರೋ. ಸ್ಕಾಲರ್ ತಾನೇ ತಂದು ಸೇರಿಸಿಬಿಡುತ್ತೆ. ಇದಕ್ಕೇ ಆರ್ಕಿಡ್ (ORCID) ನಂಬರ್, ಒಬ್ಬೊಬ್ಬ ಸಂಶೋಧಕನಿಗೂ ಬೇರೆ ಬೇರೆ ಗುರುತಿನ ಸಂಖ್ಯೆ, ಮಾಡಿಸ್ಕೊಳ್ಳಿ ಅಂತ ಬಡ್ಕೊಳ್ಳೋದು.

ರೋಲ್ ನಂಬರ್ 23: ಓಪಿಡಿಯಲ್ಲಿದ್ದೆ, ಈಗ ನೋಡ್ತಿದ್ದೀನಿ. ಆಟೋ ಅಪ್‌ಡೇಟ್ ಆನ್ ಇತ್ತು, ಯಾರೋ ಕೃಷಿ ವಿಜ್ಞಾನಿಯ ಪ್ರಬಂಧಗಳು ಬಂದು ಸೇರಿವೆ. ತೆಗೀತೀನಿ. ಉಳಿದದ್ದರಲ್ಲೂ ಸುಮಾರು ಮಲ್ಟಿಸೆಂಟರ್ ಟ್ರಯಲ್, ಹಲವು ಆಸ್ಪತ್ರೆ ಸೇರಿ ಮಾಡಿದ್ದು, ನೂರಾರು ಲೇಖಕರು, ನಾನು ರೋಗಿಗಳನ್ನ ಸೇರಿಸಿಕೊಟ್ಟೋನು ಅಷ್ಟೇ. ಡಯಾಲಿಸಿಸ್ ಕ್ಯಾತಿಟರ್ ಸೋಂಕಿನ ಮೇಲೆ ನಾನೇ ಕೂತು ಬರೆದದ್ದು ಒಂದಿದೆ. ಹಾಕೋದಾದ್ರೆ ಅದನ್ನ ಹಾಕು.

ಅಡ್ಮಿನ್: ಅದಕ್ಕೆ ಎಷ್ಟು ಸೈಟೇಷನ್?

ರೋಲ್ ನಂಬರ್ 23: 11

ಅಡ್ಮಿನ್: ಪೋಸ್ಟರ್ ಪ್ರಿಂಟಿಗೆ ಕೊಟ್ಟಾಯ್ತಲ್ಲಪ್ಪ.

ಕೊನೇ ಬೆಂಚು: ರಿಫ್ರೆಶ್ ಮಾಡಿದೆ. 39.